ಎರಡು ಸಾವಿರ ದಿನದ ಪೇಟ

"ಗುರುಗಳೇ, ಕೆಲಸಗಾರನಿಗೆ ಹೆಮ್ಮೆ ಇರಬಾರದು ಎನ್ನುತ್ತಾರೆ. ಅದನ್ನು ಬೇರುಸಮೇತ ಕಿತ್ತುಹಾಕುವುದು ಹೇಗೆ?"

ಕೇಳಿದವನು ಪಂಪಾಪತಿ. ರೂಟರ್ ಕೋಣೆಗಳನ್ನು ನೋಡಿಕೊಳ್ಳುವ ವಿದ್ಯೆಯನ್ನು ಅವನು ಮರುಳಾರಾಧ್ಯರ ಬಳಿ ಎರಡು ವರ್ಷ ಕಲಿತು ಮುಗಿಸಿದ್ದ. ಮರುದಿನ ಬೆಳಿಗ್ಗೆ ಹೊರಟು ಒಂದು ಕೋಣೆಯ ಹೊಣೆ ವಹಿಸಿಕೊಳ್ಳುವುದಿತ್ತು. ಹೊರಡುವ ಮುನ್ನ ಗುರುಗಳ ಮುಂದೆ ಕೂತು ಕೊನೆಯದಾಗಿ ಒಂದು ಪ್ರಶ್ನೆ ಕೇಳುವುದು ಅಲ್ಲಿಯ ಪದ್ಧತಿ. ಯಂತ್ರದ ವಿಷಯ ಕೇಳಿದರೆ ತನಗಿನ್ನೂ ಕಲಿಯುವುದು ಬಾಕಿಯಿದೆ ಎಂದಾಗುತ್ತದಲ್ಲ ಎಂದುಕೊಂಡು ಅವನು ಹೆಮ್ಮೆಯ ವಿಷಯ ಎತ್ತಿದ್ದ.

ಮರುಳಾರಾಧ್ಯರು ಅವನನ್ನು ಒಂದು ಕ್ಷಣ ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಒಂದು ಕಲ್ಲುಬೆಟ್ಟ. ಬೆಟ್ಟದ ನೆತ್ತಿಯಲ್ಲಿ ಒಂದು ಕೋಣೆ. ಕೋಣೆಯಲ್ಲಿ ಒಂದು ರೂಟರ್, ಅದನ್ನು ನೋಡಿಕೊಳ್ಳಲು ಒಬ್ಬ ಪಾಲಕ.

ರೂಟರ್ ಎಂದರೇನು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಗೊತ್ತಿರುವುದನ್ನು ಇನ್ನೊಮ್ಮೆ ಕೇಳಿದರೆ ನೀನೇನೂ ಸವೆದುಹೋಗುವುದಿಲ್ಲ. ಒಂದು ಕಡೆಯಿಂದ ಬಂದ ಸುದ್ದಿಯನ್ನು ತಲುಪಬೇಕಾದ ಕಡೆಗೆ ದಾರಿ ಹಿಡಿಸಿ ಕಳಿಸುವ ಯಂತ್ರ ಅದು. ಆ ಬೆಟ್ಟದ ಕೆಳಗೆ ಒಂದು ನದಿ. ನದಿಗೆ ಮೇಲುಗಡೆ ಒಂದು ಅಣೆಕಟ್ಟು, ಕೆಳಗಡೆ ಏಳು ಹಳ್ಳಿ. ಬೇಸಿಗೆಯಲ್ಲಿ ನದಿ ಬತ್ತಿ ಬರೀ ಮರಳು ಉಳಿಯುತ್ತಿತ್ತು. ಆ ಮರಳಿನಲ್ಲಿ ಒರತೆ ತೋಡಿ ಬಟ್ಟೆ ಒಗೆಯುವವರಿದ್ದರು. ಕುರಿ ಅಡ್ಡಾಡಿಸುವವರಿದ್ದರು. ಸೋಮವಾರ ಆಚೆ ದಡದ ಸಂತೆಗೆ ಅಡ್ಡ ಹಾಯ್ದು ಹೋಗುವವರಂತೂ ನೂರಾರು ಮಂದಿ.

ಅದೇ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ, ಕೆಳಗಿನ ಪಟ್ಟಣಗಳ ಕುಡಿಯುವ ನೀರಿಗಾಗಿ ಅಣೆಕಟ್ಟಿನ ಬಾಗಿಲು ಎತ್ತುತ್ತಿದ್ದರು. ಎತ್ತುವ ಅರ್ಧ ಗಂಟೆ ಮೊದಲು ಅಣೆಕಟ್ಟಿನ ಕಾವಲುಗಾರ ಒಂದು ಗುಂಡಿ ಒತ್ತುತ್ತಿದ್ದ. ಆ ಸುದ್ದಿ ಬೆಟ್ಟಕ್ಕೆ ಹೋಗುತ್ತಿತ್ತು. ಬೆಟ್ಟದ ರೂಟರ್ ಅದನ್ನು ಏಳು ಹಳ್ಳಿಗೆ ಹಂಚುತ್ತಿತ್ತು. ಏಳು ಹಳ್ಳಿಯ ಸೈರನ್ ಕೂಗುತ್ತಿತ್ತು. ಜನ ಮರಳು ಬಿಟ್ಟು ದಡ ಹತ್ತುತ್ತಿದ್ದರು. ಸೈರನ್ ಕೂಗದಿದ್ದರೆ ನೀರು ಬರುವುದು ನೀರು ಬಂದಾಗಲೇ ಗೊತ್ತಾಗಬೇಕು. ಆ ಕೋಣೆಯಲ್ಲಿ ನಡೆಯುತ್ತಿದ್ದ ಕೆಲಸದ ತೂಕ ಇಷ್ಟು.

ಪಾಲಕನೇನೂ ಸೋಮಾರಿಯಲ್ಲ. ಯಂತ್ರದ ಹೊಟ್ಟೆಯೊಳಗೆ ಬಿಸಿ ಅಳೆಯುವ ಸೆನ್ಸರ್ ಒಂದಿತ್ತು, ಪವರ್ ಸಪ್ಲೈಯಿಂದ ಬರುವ ವೋಲ್ಟೇಜ್ ಅಳೆಯುವುದು ಇನ್ನೊಂದಿತ್ತು. ಅವುಗಳಿಗೆ ಮಿತಿಗಳನ್ನು, ಯಂತ್ರವನ್ನು ಮೊದಲ ಸಲ ಚಾಲೂ ಮಾಡುವ ಮುನ್ನ, ಅವನೇ ಕೂತು ಇಟ್ಟಿದ್ದ. ಬಿಸಿ ಅರವತ್ತು ಡಿಗ್ರಿ ದಾಟಿದರೆ ಹಳದಿ ದೀಪ ಹತ್ತಿ ಅಲಾರಂ ಹೊಡೆಯಬೇಕು. ಎಂಬತ್ತು ದಾಟಿದರೆ ಯಂತ್ರ ಸುಟ್ಟುಹೋಗದಂತೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕು. ವೋಲ್ಟೇಜ್ ಹನ್ನೆರಡು ಇರಬೇಕು, ಹನ್ನೊಂದೂವರೆಗಿಂತ ಕೆಳಗಿಳಿದರೆ ಆಗಲೂ ಅಲಾರಂ. ದಿನಾ ಬೆಳಿಗ್ಗೆ ಎರಡೂ ಅಂಕಿಗಳನ್ನು ನೋಡಿ, ಪುಸ್ತಕದಲ್ಲಿ ಬರೆದು, ಎದುರಿಗೆ 'ಮಿತಿಯೊಳಗಿದೆ' ಎಂದು ಸೇರಿಸಿ, ದೂರದ ಕಚೇರಿಗೆ ವರದಿ ಕಳಿಸುವುದು ಅವನ ನೇಮ.

ಯಂತ್ರದ ಪರದೆಯ ಮೇಲೆ ಮೂರನೆಯದೊಂದು ಅಂಕಿ ಇತ್ತು. ಚಾಲೂ ಆದಂದಿನಿಂದ ನಿಲ್ಲದೆ ಎಷ್ಟು ದಿನ ನಡೆದಿದೆ ಎನ್ನುವ ಲೆಕ್ಕ. ಅದನ್ನು ಬರೆದಿಡು ಎಂದು ಯಾರೂ ಹೇಳಿರಲಿಲ್ಲ. ನೂರನೆಯ ದಿನ ಪಾಲಕ ಸುಮ್ಮನೆ ಖುಷಿಗೆಂದು ಕೋಣೆಯ ಕಬ್ಬಿಣದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ '೧೦೦' ಎಂದು ಬರೆದ. ಮರುದಿನ ಅಳಿಸಿ '೧೦೧' ಎಂದು ಬರೆದ. ಆಮೇಲೆ ಬರೆಯದೆ ಇರಲು ಆಗಲಿಲ್ಲ.

ಸಾವಿರ ದಾಟುವ ಹೊತ್ತಿಗೆ ಅದು ಅವನೊಬ್ಬನ ಅಂಕಿಯಾಗಿ ಉಳಿದಿರಲಿಲ್ಲ. ಕೆಳಗಿನ ಚಹಾದಂಗಡಿಯಲ್ಲಿ ಜನ ಇವತ್ತು ಎಷ್ಟಾಯಿತು ಎಂದು ಕೇಳುತ್ತಿದ್ದರು. ಬಸ್ಸಿನ ಕಂಡಕ್ಟರ್ ಬೆಟ್ಟ ತೋರಿಸಿ, ಅಲ್ಲೊಂದು ಯಂತ್ರ ಇದೆ, ಮೂರು ವರ್ಷದಿಂದ ಕಣ್ಣು ಮುಚ್ಚಿಲ್ಲ ಎಂದು ಹೊರಗಿನವರಿಗೆ ಹೇಳುತ್ತಿದ್ದ. ಏಳು ಹಳ್ಳಿಯವರೂ ಎದೆ ಉಬ್ಬಿಸಿದರು. ಉಬ್ಬಿಸಲಿ ಬಿಡು, ಅದರಲ್ಲಿ ತಪ್ಪೇನಿದೆ? ಪಾಲಕ ಬೆಟ್ಟ ಇಳಿದು ಬಂದರೆ ಕೂತವರು ಎದ್ದು ಜಾಗ ಬಿಡುತ್ತಿದ್ದರು. ಮೊದಮೊದಲು ಅವನು ಬೇಡ ಬೇಡ ಎನ್ನುತ್ತಿದ್ದ. ಆಮೇಲೆ ಸುಮ್ಮನೆ ಕೂರುತ್ತಿದ್ದ.

ಊರಿನ ಒಬ್ಬ ವರ್ತಕ ಮುಂದೆ ಬಂದ. ಎರಡು ಸಾವಿರ ದಿನ ತುಂಬುವ ಸೋಮವಾರ ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಸನ್ಮಾನ ಮಾಡೋಣ ಎಂದ. ಪೆಂಡಾಲು, ಡೊಳ್ಳು, ಶಾಲು, ಹಣ್ಣಿನ ಬುಟ್ಟಿ, ತಲೆಗೆ ಜರಿಯ ಪೇಟ. ಆಹ್ವಾನ ಪತ್ರಿಕೆಯೂ ಅಚ್ಚಾಯಿತು. ಅದರಲ್ಲಿ 'ನಿಲ್ಲದ ಯಂತ್ರ, ಮಲಗದ ಪಾಲಕ' ಎಂದಿತ್ತು. ಮಲಗದ ಪಾಲಕ ಎನ್ನುವುದು ಸುಳ್ಳು, ಅವನು ಗೊರಕೆ ಹೊಡೆದು ಮಲಗುತ್ತಿದ್ದ. ಓದಿದ, ತಿದ್ದಲಿಲ್ಲ.

ಹದಿನೇಳು ದಿನ ಉಳಿದಿರುವಾಗ ಹಳದಿ ದೀಪ ಹತ್ತಿತು.

ಬಿಸಿ ಅರವತ್ತೊಂದು. ವೋಲ್ಟೇಜ್ ಹನ್ನೊಂದೂವರೆಯ ಅಂಚಿನಲ್ಲಿತ್ತು. ಕಾರಣ ಪಾಲಕನಿಗೆ ನೋಡಿದ ಕೂಡಲೇ ತಿಳಿಯಿತು. ಒಳಗಿನ ಫ್ಯಾನಿಗೆ ಧೂಳು ಕಟ್ಟಿದೆ, ಪವರ್ ಸಪ್ಲೈ ಬಳಲಿದೆ. ಫ್ಯಾನು ಶುಚಿ ಮಾಡಬೇಕು, ಸಪ್ಲೈ ಬದಲಿಸಬೇಕು. ಬದಲಿ ಸಪ್ಲೈ ಮೂಲೆಯ ಪೆಟ್ಟಿಗೆಯಲ್ಲಿ ಹೊಸದಾಗಿಯೇ ಇತ್ತು. ಒಂದು ಗಂಟೆಯ ಕೆಲಸ. ಆದರೆ ಆ ಹಳೆಯ ಯಂತ್ರವನ್ನು ನಿಲ್ಲಿಸದೆ ಬಿಚ್ಚುವ ಹಾಗಿರಲಿಲ್ಲ. ನಿಲ್ಲಿಸಿದರೆ ಬಾಗಿಲ ಮೇಲಿನ ಅಂಕಿ ಸೊನ್ನೆಯಾಗುತ್ತಿತ್ತು.

ಅವನು ಯಂತ್ರದ ಮುಂದೆ ಬಹಳ ಹೊತ್ತು ನಿಂತ. ಹದಿನೇಳು ದಿನ ತಾನೇ ಎಂದುಕೊಂಡ. ಅಲಾರಮ್ಮಿನ ತಂತಿ ಕೀಳಲಿಲ್ಲ, ಅಂಥ ನೀಚ ಕೆಲಸ ಅವನಿಂದ ಆಗುವುದಲ್ಲ. ಮಿತಿಯನ್ನು ಮಾತ್ರ ಅರವತ್ತರಿಂದ ಅರವತ್ತೈದಕ್ಕೆ ಏರಿಸಿದ. ವೋಲ್ಟೇಜಿನ ಮಿತಿಯನ್ನು ಹನ್ನೊಂದಕ್ಕೆ ಇಳಿಸಿದ. ದೀಪ ಆರಿತು.

ಪುಸ್ತಕದಲ್ಲಿ ಅವನು ಸುಳ್ಳು ಬರೆಯಲಿಲ್ಲ. 'ಬಿಸಿ ಅರವತ್ತೊಂದು' ಎಂದೇ ಬರೆದ, ಎದುರಿಗೆ 'ಮಿತಿಯೊಳಗಿದೆ' ಎಂದು ಬರೆದ. ಎರಡೂ ನಿಜ. ಕಚೇರಿಯಲ್ಲಿ ಕೂತವರು ಎರಡನೆಯದನ್ನು ಮಾತ್ರ ಓದುತ್ತಿದ್ದರು, ಅದು ಅವನಿಗೂ ಗೊತ್ತಿತ್ತು.

ನಾಲ್ಕು ದಿನಕ್ಕೆ ಅರವತ್ತಾರಾಯಿತು. ಮಿತಿ ಎಪ್ಪತ್ತಾಯಿತು. ಆಮೇಲೆ ಎಪ್ಪತ್ತೈದು. ಈ ನಡುವೆ ಅವನು ಯಂತ್ರಕ್ಕೆ ಮಾಡಿದ ಆರೈಕೆಯನ್ನು ಬಾಣಂತಿಗೂ ಯಾರೂ ಮಾಡುವುದಿಲ್ಲ. ಕಿಟಕಿಗೆ ಗೋಣಿತಾಟು ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸಿದ. ಮನೆಯ ಟೇಬಲ್ ಫ್ಯಾನು ಹೊತ್ತು ತಂದು ಮುಂದೆ ಇಟ್ಟ. ಸೋಡಾ ಅಂಗಡಿಯಿಂದ ಐಸುಗಡ್ಡೆ ತರಿಸಿ ಬಕೆಟ್ಟಿನಲ್ಲಿ ತುಂಬಿ ಕೆಳಗೆ ಇರಿಸಿದ. ಇಷ್ಟು ಕಷ್ಟಪಡುವವನು ತಪ್ಪು ಮಾಡುತ್ತಿರಲಾರ ಎಂದು ಅವನಿಗೇ ಅನ್ನಿಸತೊಡಗಿತು. ಕಷ್ಟದಲ್ಲಿ ಇದೊಂದು ಅಪಾಯ ಇದೆ, ನೆನಪಿಟ್ಟುಕೋ.

ಎರಡು ಸೋಮವಾರ ಹೀಗೆ ದಾಟಿದವು. ಹನ್ನೊಂದೂವರೆಗೆ ಸೈರನ್ ಕೂಗುವವರೆಗೂ ಅವನು ಉಸಿರು ಹಿಡಿದು ಕೂರುತ್ತಿದ್ದ. ಕೂಗಿದ ಮೇಲೆ ನೋಡಿದೆಯಾ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಎರಡು ದಿನ ಉಳಿದಿತ್ತು. ಶನಿವಾರ ಮಧ್ಯಾಹ್ನ ಬಿಸಿ ಎಪ್ಪತ್ತೊಂಬತ್ತು ಮುಟ್ಟಿತು. ಇನ್ನೆರಡು ಡಿಗ್ರಿ ಏರಿದರೆ ಯಂತ್ರ ತಾನೇ ನಿಲ್ಲುತ್ತದೆ. ಪಾಲಕ ಅಲಾರಮ್ಮಿನ ಮಿತಿಯನ್ನು ಮತ್ತೆ ಏರಿಸಿದ. ಯಂತ್ರ ತನ್ನನ್ನು ನಿಲ್ಲಿಸಿಕೊಳ್ಳುವ ಮಿತಿಯನ್ನೂ ಎಂಬತ್ತರಿಂದ ತೊಂಬತ್ತಕ್ಕೆ ಏರಿಸಿಬಿಟ್ಟ.

ಭಾನುವಾರ ಬೆಳಿಗ್ಗೆ ಅವನು ಬಾಗಿಲ ಮೇಲೆ '೧೯೯೯' ಎಂದು ಬರೆದು ಸೀಮೆಸುಣ್ಣ ಕೆಳಗಿಡುವ ಹೊತ್ತಿಗೆ ಪೇಟ ಕಟ್ಟುವ ಮುದುಕನೊಬ್ಬ ಬೆಟ್ಟ ಹತ್ತಿ ಬಂದ. ವರ್ತಕ ಕಳಿಸಿದ್ದ. ತಲೆಯ ಅಳತೆ ತೆಗೆದುಕೊಂಡು ಹೋಗಿ ರಾತ್ರಿಯೊಳಗೆ ಪೇಟ ಕಟ್ಟಿ ಮುಗಿಸಬೇಕು. ಪಾಲಕ ಹೊಸ್ತಿಲ ಮೇಲೆ ಕೂತ. ಮುದುಕ ಚೀಲದಿಂದ ಅಳತೆ ಟೇಪು ತೆಗೆದ. ಟೇಪು ಹೊಚ್ಚ ಹೊಸದು, ಮಡಿಕೆ ಕೂಡ ಬಿಟ್ಟಿರಲಿಲ್ಲ.

"ಅಜ್ಜಾ, ಟೇಪು ಹೊಸದಾ?" ಎಂದು ಪಾಲಕ ಮಾತಿಗೆ ಕೇಳಿದ.

"ಹೂಂ ಸ್ವಾಮಿ. ಹಳೇದು ಬಟ್ಟೆ ಟೇಪು, ಎಳ್ದೂ ಎಳ್ದೂ ಅರ್ಧ ಇಂಚು ಉದ್ದ ಆಗೋಗಿತ್ತು. ಅದ್ರಾಗೆ ಅಳೆದ್ರೆ ಎಂಥಾ ತಲೆನೂ ಸಣ್ಣದಾಗೇ ಕಾಣ್ತಿತ್ತು. ಮೂರು ಪೇಟ ಬಿಗಿ ಆಗೈತೆ ಅಂತ ವಾಪಸ್ ಬಂದ್ವು. ಜನರ ತಲೆನೇ ದಪ್ಪ ಆಗ್ತಾ ಐತೆ ಅಂತ ನಾನು ಬೈಕೊಂಡಿದ್ದೇ ಬೈಕೊಂಡಿದ್ದು. ಟೇಪಿನ ಮ್ಯಾಲೆ ಅನುಮಾನನೇ ಬರ್ಲಿಲ್ಲ. ದಿನಾ ಕೈಯಾಗೆ ಇರೋದಲ್ವಾ."

"ಆ ಹಳೇದನ್ನ ಏನು ಮಾಡಿದ್ರಿ?"

"ಒಲೆಗೆ ಹಾಕ್ದೆ. ಇಟ್ಕೊಂಡಿದ್ರೆ ಇನ್ನೊಂದಿನ ಕೈ ಅದಕ್ಕೇ ಹೋಗ್ತಿತ್ತು."

ಮುದುಕ ಹಣೆಯ ಸುತ್ತ ಟೇಪು ತಂದು ಕೂಡಿಸಿ, ಅಂಕಿ ಓದಿ, ಬಾಯಲ್ಲೇ ಗುನುಗಿಕೊಂಡ. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು ಬೆಟ್ಟ ಇಳಿದ. ಪಾಲಕ ಎದ್ದೇಳಲಿಲ್ಲ. ಮುದುಕನಿಗೆ ನೀರು ಬೇಕೇ ಎಂದು ಕೇಳುವುದನ್ನೂ ಮರೆತಿದ್ದ. ಅವನ ಮೋರೆ ಕೆಂಪಾಗಿತ್ತು. ಯಾರೂ ಬೈದಿರಲಿಲ್ಲ, ಆದರೂ ಜನರ ನಡುವೆ ಬೈಸಿಕೊಂಡವನ ಹಾಗೆ ನಾಚಿಕೆಯಾಗಿತ್ತು.

ಆಮೇಲೆ ಒಳಗೆ ಹೋದ. ಬಿಸಿ ಎಂಬತ್ತೆರಡು. ಬೆಳಗಿನ ಹತ್ತು ಗಂಟೆಗೇ ಎಂಬತ್ತೆರಡು.

ಅವನಿಗೆ ತಟ್ಟನೆ ಮಿತಿಗಳನ್ನು ಹಿಂದಿನಂತೆ ಇಟ್ಟುಬಿಡೋಣ ಎನ್ನಿಸಿತು. ಗುಂಡಿಯವರೆಗೆ ಹೋದ ಬೆರಳನ್ನು ಹಿಂದಕ್ಕೆ ತೆಗೆದ. ಇಟ್ಟ ಕ್ಷಣವೇ ಯಂತ್ರ ನಿಂತುಬಿಡುತ್ತದೆ, ಕೆಳಗಿನ ಯಾರಿಗೂ ಸುದ್ದಿ ಇರುವುದಿಲ್ಲ. ನಿಲ್ಲಿಸುವುದಾದರೆ ಹೇಳಿ ನಿಲ್ಲಿಸಬೇಕು. ತನ್ನ ಮೊಬೈಲು ತೆಗೆದು ಬೆಟ್ಟದ ತುದಿಗೆ ಬಂದು ನಿಂತ. ಅಣೆಕಟ್ಟಿಗೆ ಫೋನು ಮಾಡಿದ. ಅದೇ ಯಂತ್ರವನ್ನು ನೆಚ್ಚಿಕೊಂಡಿದ್ದ ಆಸ್ಪತ್ರೆಗೆ ಮಾಡಿದ. ಏಳು ಹಳ್ಳಿಗೆ ಒಂದೊಂದಾಗಿ ಮಾಡಿದ. ಎಲ್ಲರಿಗೂ ಅದೇ ಮಾತು: "ಹನ್ನೊಂದರಿಂದ ಹನ್ನೆರಡರವರೆಗೆ ಬೆಟ್ಟದ ಯಂತ್ರ ನಿಲ್ಲುತ್ತೆ. ನಿಲ್ಲಿಸ್ತಿರೋನು ನಾನೇ."

ಕೊನೆಗೆ ವರ್ತಕನಿಗೆ ಮಾಡಿದ. ವರ್ತಕ ಗಾಬರಿಯಾಗಿ, "ಅಲ್ರೀ, ಪೆಂಡಾಲ್ ಎದ್ದು ನಿಂತೈತೆ. ಒಂದೇ ಒಂದು ದಿನ ತಡೀರಿ. ನಾಳೆ ಸಂಜೆ ನಿಲ್ಸಿದ್ರೆ ಯಾರು ಬ್ಯಾಡ ಅಂತಾರೆ?" ಎಂದ.

"ನಾಳೆ ಸಂಜೆಗಿಂತ ಮುಂಚೆ ನಾಳೆ ಮಧ್ಯಾಹ್ನ ಬರುತ್ತಲ್ಲ" ಎಂದ ಪಾಲಕ.

ಹನ್ನೊಂದಕ್ಕೆ ಸರಿಯಾಗಿ ಅವನು ಸ್ವಿಚ್ಚಿನ ಮೇಲೆ ಕೈ ಇಟ್ಟ. ಐದೂವರೆ ವರ್ಷದ ಹಿಂದೆ ಒತ್ತಿದ ಮೇಲೆ ಆ ಸ್ವಿಚ್ಚನ್ನು ಅವನು ಮುಟ್ಟಿರಲಿಲ್ಲ. ಆರಿಸಿದ. ಕೋಣೆ ಅಷ್ಟೊಂದು ನಿಶ್ಶಬ್ದವಾಗಿರಬಲ್ಲದು ಎನ್ನುವುದು ಅವನಿಗೆ ಅಂದೇ ತಿಳಿದದ್ದು.

ಬಿಚ್ಚಿ ನೋಡಿದರೆ ಫ್ಯಾನಿನ ಮೇಲೆ ಕಂಬಳಿಯಷ್ಟು ದಪ್ಪ ಧೂಳು. ಪವರ್ ಸಪ್ಲೈ ಬಂದು ಕೂಡುವಲ್ಲಿ ಪ್ಲಾಸ್ಟಿಕ್ಕು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ಬೆರಳಿಟ್ಟರೆ ಅಚ್ಚು ಮೂಡಿತು. ನಾಳೆಯವರೆಗೆ ಅದು ತಾಳುತ್ತಿರಲಿಲ್ಲ. ಎಂಬತ್ತರ ಮಿತಿ ಇದ್ದಿದ್ದರೆ ಯಂತ್ರ ನಿಂತಾದರೂ ಉಳಿಯುತ್ತಿತ್ತು. ತೊಂಬತ್ತರ ಮಿತಿಯಲ್ಲಿ ಅದು ನಿಲ್ಲದೆ ಸುಡುತ್ತಿತ್ತು, ಸುಟ್ಟರೆ ಹೊಸ ಯಂತ್ರ ಬರಲು ವಾರಗಳೇ ಬೇಕಾಗುತ್ತಿತ್ತು. ಸಂತೆಗೆ ಮರಳು ಹಾಯುವ ಜನ ಅವನ ಕಣ್ಣ ಮುಂದೆ ಬಂದರು. ಪಾಲಕ ನೆಲದ ಮೇಲೆ ಕುಕ್ಕರಿಸಿ ಸ್ವಲ್ಪ ಹೊತ್ತು ಅತ್ತ. ಅತ್ತದ್ದು ಸಾಕೆನ್ನಿಸಿದಾಗ ಎದ್ದು ಧೂಳು ಒರೆಸಿದ, ಹೊಸ ಸಪ್ಲೈ ಕೂರಿಸಿದ, ಮಿತಿಗಳನ್ನು ಮೊದಲಿನಂತೆಯೇ ಇಟ್ಟ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಯಂತ್ರ ಮತ್ತೆ ಚಾಲೂ ಆಯಿತು. ಬಿಸಿ ನಲವತ್ತಾರು. ವೋಲ್ಟೇಜ್ ಹನ್ನೆರಡು. ದಿನ ಸೊನ್ನೆ.

ಅವನು ಒದ್ದೆ ಬಟ್ಟೆಯಿಂದ ಬಾಗಿಲು ಒರೆಸಿ '೦' ಎಂದು ಬರೆದ. ಆಮೇಲೆ ಪುಸ್ತಕ ತೆರೆದು ಕಳೆದ ಹದಿನೇಳು ದಿನಗಳ ಎದುರಿಗಿದ್ದ 'ಮಿತಿಯೊಳಗಿದೆ' ಎನ್ನುವುದನ್ನು ಹೊಡೆದುಹಾಕಿ, ಪ್ರತಿಯೊಂದರ ಪಕ್ಕದಲ್ಲೂ 'ಮಿತಿಯನ್ನು ನಾನು ಸರಿಸಿದ್ದೆ' ಎಂದು ಬರೆದು ಸಹಿ ಹಾಕಿದ. ಅದನ್ನೇ ಕಚೇರಿಗೂ ಕಳಿಸಿದ. ಕಚೇರಿಯಿಂದ ನೋಟಿಸು ಬಂತು, ಬರಬೇಕಾದದ್ದೇ. ಒಂದು ವರ್ಷದ ಬಡ್ತಿ ತಡೆದರು.

ಸೋಮವಾರ ಸನ್ಮಾನ ನಡೆಯಲಿಲ್ಲ. ವರ್ತಕ ಮುನಿಸಿಕೊಂಡು ಪೆಂಡಾಲು ಬಿಚ್ಚಿಸಿದ. ಡೊಳ್ಳಿನವರು ಊಟ ಮಾಡಿ ಹೊರಟುಹೋದರು. ಚಹಾದಂಗಡಿಯಲ್ಲಿ ಕೆಲವರು, ಎರಡು ಸಾವಿರ ದಿನ ಅಂತ ಬೊಬ್ಬೆ ಹೊಡೆದದ್ದೇ ಬಂತು ಎಂದರು. ಕಂಡಕ್ಟರ್ ಅಂದಿನಿಂದ ಬೆಟ್ಟ ತೋರಿಸುವುದನ್ನು ಬಿಟ್ಟ.

ಪಾಲಕ ಬೆಟ್ಟದ ಮೇಲೆಯೇ ಇದ್ದ. ಹನ್ನೊಂದೂವರೆ ಹೊತ್ತಿಗೆ ಕೋಣೆಯ ಮುಂದಿನ ಬಂಡೆಯ ಮೇಲೆ ಬಂದು ಕೂತ. ಈ ಸಲ ಉಸಿರು ಹಿಡಿದಿರಲಿಲ್ಲ. ಮೊದಲ ಹಳ್ಳಿಯ ಸೈರನ್ ಕೂಗಿತು. ಎರಡನೆಯದು ಕೂಗಿತು. ಒಂದೊಂದನ್ನೂ ಬೆರಳಲ್ಲಿ ಎಣಿಸಿದ. ಏಳೂ ಕೂಗಿದವು. ಕೆಳಗೆ ಮರಳಿನಲ್ಲಿ ಜನ ಬಟ್ಟೆಗಂಟು ಹೊತ್ತು, ಕುರಿ ಅಟ್ಟಿಕೊಂಡು, ಸಂತೆಯ ಚೀಲ ಹೆಗಲಿಗೇರಿಸಿ ದಡದ ಕಡೆಗೆ ನಡೆದರು. ಯಾರೂ ಓಡಲಿಲ್ಲ, ಓಡುವ ಅಗತ್ಯವೇ ಇರಲಿಲ್ಲ. ನೀರು ಬಂದಾಗ ಮರಳಿನ ಮೇಲೆ ಒಬ್ಬರೂ ಇರಲಿಲ್ಲ.

ಪಾಲಕನಿಗೆ ಹೆಮ್ಮೆಯಾಯಿತು. ಎದೆ ತುಂಬಿ ಬರುವಷ್ಟು ಹೆಮ್ಮೆಯಾಯಿತು. ಬಾಗಿಲ ಮೇಲೆ ಬರೆಯಲು ಅದಕ್ಕೆ ಅಂಕಿ ಇರಲಿಲ್ಲ, ಬಂದು ನೋಡಲು ಜನರೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಕೂತಿದ್ದು, ಎದ್ದು ಒಳಗೆ ಹೋಗಿ, ಬಿಸಿ ಎಷ್ಟಿದೆ ಎಂದು ನೋಡಿದ.

ಮರುಳಾರಾಧ್ಯರು ಅಲ್ಲಿಗೆ ನಿಲ್ಲಿಸಿದರು.

ಪಂಪಾಪತಿ ತಲೆದೂಗಿದ. ಕತೆ ಅವನಿಗೆ ಹಿಡಿಸಿತ್ತು. ಅದರ ತಿರುಳು ಇಷ್ಟು ಬೇಗ ಕೈಗೆ ಸಿಕ್ಕಿತಲ್ಲ ಎಂದು ಇನ್ನೂ ಸಂತೋಷವಾಗಿತ್ತು.

"ಅರ್ಥವಾಯಿತು ಗುರುಗಳೇ. ನಡೆಯುವ ಯಂತ್ರಕ್ಕೆ ಬಿಸಿ ಇದ್ದೇ ಇರುತ್ತದೆ, ದುಡಿಯುವವನಿಗೆ ಹೆಮ್ಮೆ ಇದ್ದೇ ಇರುತ್ತದೆ. ಅದನ್ನು ಕಿತ್ತುಹಾಕುವುದಲ್ಲ, ಅಳೆಯುತ್ತಿರಬೇಕು, ಅದಕ್ಕೊಂದು ಮಿತಿ ಇಡಬೇಕು. ಮುಂದೆ ಹೆಮ್ಮೆಪಡುವಂಥ ಕೆಲಸ ಮಾಡಿದಾಗ ಖಂಡಿತ ಇಟ್ಟುಕೊಳ್ಳುತ್ತೇನೆ" ಎಂದ.

"ಇವತ್ತೇ ಇಟ್ಟುಕೋ ಪಂಪಾಪತಿ. ಪಾಲಕನೂ ಮಿತಿ ಇಟ್ಟದ್ದು ಯಂತ್ರ ಚಾಲೂ ಮಾಡುವ ಮುನ್ನ. ಹೆಮ್ಮೆಪಡಲು ನಿನ್ನ ಬಳಿ ಏನೂ ಇಲ್ಲದ ದಿನ ಇದೊಂದೇ" ಎಂದರು ಮರುಳಾರಾಧ್ಯರು.